ಆವಕ ನಂಬರಿಲ್ಲದ ಕಾಗದ

ನಮ್ಮ ಕಡೆ ಪಾಯ ತೋಡುವವರಿಗೆ ಒಂದು ಸುಖ ಇದೆ. ಬೇರೆ ಊರಿನ ಇಂಜಿನಿಯರುಗಳು ಮಣ್ಣಿನ ಪರೀಕ್ಷೆ, ಅದು ಇದು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಕಡೆ ಅಷ್ಟೆಲ್ಲ ಬೇಕಿಲ್ಲ. ನಾಲ್ಕೈದು ಅಡಿ ತೋಡಿದರೆ ಕಬ್ಬಿಣದ ಹಾರಿ ಠಣ್ ಎನ್ನುತ್ತದೆ. ಕೆಳಗೆ ನೆಲಕ್ಕೆ ಹಾಸುವ ಫರಸಿ ಕಲ್ಲು. ಕಲ್ಲು ಹತ್ತಿತು ಎಂದು ಯಾರಾದರೂ ಕೂಗಿದರೆ ಪಾಯ ಮುಗಿಯಿತು, ಇನ್ನು ಚಹಾ ತರಿಸಬಹುದು ಎಂದರ್ಥ. ಚಿಂಚೋಳಿ ದಾರಿ ಹಿಡಿದರೆ ಕೆಂಪು ಮಣ್ಣು ಬರುತ್ತದೆ, ಅಲ್ಲಿ ಮಾತ್ರ ಸ್ವಲ್ಪ ಯೋಚನೆ ಮಾಡಬೇಕಾಗುತ್ತದೆ.

ಈ ಐದೂ ಊರುಗಳ ಸುತ್ತ ಸರ್ಕಾರಿ ಕಟ್ಟಡಗಳ ಇಂಜಿನಿಯರಾಗಿ ನನ್ನ ಆಯುಷ್ಯ ಹೋಯಿತು. ಶಾಲೆ ಕೋಣೆ, ಅಂಗನವಾಡಿ, ದನದ ದವಾಖಾನೆ, ನೀರಿನ ಟಾಕಿ. ಈಗ ಹೇಳಹೊರಟಿರುವ ಅಂಗನವಾಡಿ ಈ ಐದರಲ್ಲಿ ಯಾವ ಕಡೆಯದು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಓದಿದವರು ಆ ಕಚೇರಿಯನ್ನು ಬಯ್ದು ನನ್ನನ್ನು ಬಿಟ್ಟುಬಿಡುತ್ತಾರೆ. ಬೈಸಿಕೊಳ್ಳಬೇಕಾದವಳು ನಾನು.

ಊರಿನ ನಡುವೆ ಸರ್ಕಾರಿ ಜಾಗ ಇತ್ತು. ಅದರ ಮೇಲೆ ಯಾರದೋ ದನದ ಕೊಟ್ಟಿಗೆ, ಯಾರದೋ ಹುಲ್ಲಿನ ಬಣವಿ, ಇನ್ಯಾರದೋ ಎರಡು ಅಂಕಣದ ಮನೆ. ಅದನ್ನು ಬಿಡಿಸುವ ತಾಕತ್ತು ಪಂಚಾಯತಿಗೆ ಇರಲಿಲ್ಲ, ನಮಗೂ ಇರಲಿಲ್ಲ. ಹಾಗಾಗಿ ಊರ ಹೊರಗಿನ ಗಾಯರಾಣದ ಒಂದು ತುಂಡನ್ನು ತೋರಿಸಿದರು. ಗಾಯರಾಣ ಎಂದರೆ ದನ ಮೇಯಲು ಬಿಟ್ಟ ಸರ್ಕಾರಿ ಭೂಮಿ. ಪಹಣಿ ಸ್ವಚ್ಛ ಇತ್ತು, ತಕರಾರು ಇರಲಿಲ್ಲ, ನೆಲ ಮಟ್ಟಸವಾಗಿತ್ತು. ‘ಕಟ್ಟಡಕ್ಕೆ ಯೋಗ್ಯ ಜಾಗ ಲಭ್ಯವಿದೆ’ ಎಂಬ ಸರ್ಟಿಫಿಕೇಟಿಗೆ ನಾನು ಜೀಪಿನಿಂದ ಇಳಿಯದೆ ಸಹಿ ಹಾಕಿದೆ. ಬಿಸಿಲು ಭಾಳ ಇತ್ತು ಎನ್ನುವುದು ನನ್ನ ನೆಪ.

ಟೆಂಡರ್ ಕರೆದರು. ಸಣ್ಣ ಕೆಲಸಗಳಲ್ಲಿ ಕೆಲವನ್ನು ಪರಿಶಿಷ್ಟ ಜಾತಿಯ ಗುತ್ತೇದಾರರಿಗೆ ಮೀಸಲಿಡುವ ನಿಯಮ ಇದೆ. ಇದು ಅಂಥ ಕೆಲಸ. ಅದು ಸಿಕ್ಕಿದ್ದು ಅದೇ ಊರಿನ ಒಬ್ಬನಿಗೆ, ಮೂವತ್ತರ ಆಸುಪಾಸಿನವನು. ಅವನಪ್ಪ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸಿ ಎಬ್ಬಿಸಿ ಎದೆ ಕೆಡಿಸಿಕೊಂಡು ಸತ್ತವನು. ಅವ್ವ ಅದೇ ಖಣಿಯಲ್ಲಿ ಬುಟ್ಟಿ ಹೊತ್ತು ಮಗನನ್ನು ಡಿಪ್ಲೊಮಾ ಓದಿಸಿದ್ದಳು. ಇದು ಅವನ ಮೊದಲನೆಯ ಗುತ್ತಿಗೆ. ಕರಾರಿಗೆ ಸಹಿ ಮಾಡುವ ಮೊದಲು ಅದರ ಶರತ್ತುಗಳನ್ನು ಪೂರ್ತಿ ಓದಿದ ಗುತ್ತೇದಾರನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವನು ಕಚೇರಿಯಲ್ಲಿ ಗುತ್ತೇದಾರರು ಕಾಯುವ ಉದ್ದ ಬಾಕಿನ ಮೇಲೆ ಕುಳಿತು ಒಂದು ಮಧ್ಯಾಹ್ನವಿಡೀ ಓದಿದ. ನಮ್ಮ ಗುಮಾಸ್ತರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಸುಳ್ಳು ಯಾಕೆ, ನಾನೂ ನಕ್ಕೆ.

ಪಾಯ ತೋಡುವಾಗ ಹೋದೆ. ಮೊದಲ ಕೆಲಸವಾದ್ದರಿಂದ ಮನೆ ಮಂದಿಯೆಲ್ಲ ಕೈ ಹಚ್ಚಿದ್ದರು. ಅವನ ಅವ್ವ ಸೀರೆ ಎತ್ತಿ ಕಟ್ಟಿ ತಗ್ಗಿನೊಳಗಿಂದ ಮಣ್ಣು ಕೊಡುತ್ತಿದ್ದಳು. ನನ್ನನ್ನು ಕಂಡು ಬುಟ್ಟಿ ಇಳಿಸಿ, ಬೆವರು ಒರೆಸಿಕೊಂಡು, “ಬರ್ರಿ ಮೇಡಂ, ಜರಾ ಇಲ್ಲಿ ಬಂದು ಕೇಳ್ರಿ” ಎಂದಳು. ನೋಡ್ರಿ ಎನ್ನಲಿಲ್ಲ, ಕೇಳ್ರಿ ಎಂದಳು.

ನಾನು ತಗ್ಗಿಗೆ ಇಳಿದೆ. ಮೂರು ಮೂಲೆಗಳಲ್ಲಿ ಮಗ ಹಾರಿಯಿಂದ ಹೊಡೆದು ತೋರಿಸಿದ. ಠಣ್, ಠಣ್, ಠಣ್. ನಾಲ್ಕನೆಯದು ಬೇವಿನ ಗಿಡದ ಕಡೆಯ ಮೂಲೆ. ಅಲ್ಲಿಯೂ ಕಲ್ಲೇ ಇತ್ತು, ಚಪ್ಪಟೆಯಾಗಿ, ಅಗಲವಾಗಿ, ಬೇರೆ ಮೂಲೆಗಳಲ್ಲಿ ಇದ್ದ ಹಾಗೆಯೇ. ಹಾರಿ ಬಿದ್ದಾಗ ಮಾತ್ರ ದಪ್ ಎಂದಿತು.

“ಇದು ಹುಟ್ಟು ಕಲ್ಲಲ್ಲರಿ ಮೇಡಂ, ಒಗದ ಕಲ್ಲು” ಎಂದಳು ಅವ್ವ. “ನಾ ಮದಿವ್ಯಾಗಿ ಬಂದಾಗ ಇಲ್ಲಿ ಖಣಿ ಇತ್ತರಿ. ನಮ್ಮತ್ತಿ ಈ ಖಣಿದಾಗ ಬುಟ್ಟಿ ಹೊತ್ತಾಳ. ಖಣಿ ನಿಂತ ಮ್ಯಾಲ ಒಡದ ಫರಸಿ ಎಲ್ಲಾ ತಂದು ಇದರಾಗ ಒಗದ್ರು. ಇಷ್ಟಿಷ್ಟು ದೊಡ್ಡ ಚಪ್ಪಡಿ. ಮ್ಯಾಲ ಮಣ್ಣು ಬಿತ್ತು, ಹುಲ್ಲು ಬೆಳೀತು. ಕೆಳಗ ಎಲ್ಲಾ ಪೊಳ್ಳದರಿ.”

ನಾನು ಮೊಬೈಲ್ ತೆಗೆದು ಪಹಣಿ ನೋಡಿದೆ. ಗಾಯರಾಣ ಎಂದಷ್ಟೇ ಇತ್ತು. ಖಣಿಯ ಸುದ್ದಿಯೇ ಇಲ್ಲ. ಪರವಾನಗಿ ಇಲ್ಲದೆ ತೋಡಿದ ಖಣಿ ಪಹಣಿಯೊಳಗೆ ಬರುವುದು ಎಲ್ಲಿಂದ? ಇದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆದಿತ್ತು ಕೂಡ. ಆದರೂ ಮೊಬೈಲನ್ನು ಅವಳ ಮುಂದೆ ಹಿಡಿದು, “ಇಲ್ಲಿ ಖಣಿ ಇತ್ತಂತ ಎಲ್ಲೂ ಬರದಿಲ್ಲಬೇ” ಎಂದೆ.

“ಬರದಿಲ್ಲಂದ್ರ ಇದ್ದಿಲ್ಲೇನ್ರಿ?” ಎಂದಳು.

ನನಗೆ ಸಿಟ್ಟು ಬಂತು. ಆ ಕಚೇರಿಯಲ್ಲಿ ನಾನೊಬ್ಬಳೇ ಹೆಂಗಸು ಇಂಜಿನಿಯರು. ಹೆಣ್ಣುಮಕ್ಕಳಿಗೆ ನಕ್ಷೆ ಬರೆಯಲು ಬರುತ್ತದೆ, ಪಾಯ ತಿಳಿಯುವುದಿಲ್ಲ ಎಂದು ನನ್ನ ಎದುರಿಗೇ ಮಾತಾಡುತ್ತಿದ್ದರು. ಅಂಥದ್ದರಲ್ಲಿ ಬುಟ್ಟಿ ಹೊರುವ ಹೆಂಗಸೊಬ್ಬಳು ಹತ್ತು ಮಂದಿಯ ನಡುವೆ ನನಗೆ ಪಾಯದ ಪಾಠ ಹೇಳುವುದೆಂದರೇನು? “ಕಲ್ಲು ಕಲ್ಲೇ. ನಾ ನೋಡ್ಕೋತೀನಿ” ಎಂದು ಮೇಲೆ ಹತ್ತಿದೆ. ಸೀರೆಗೆ ಮೆತ್ತಿದ ಮಣ್ಣನ್ನು ಜೀಪಿನಲ್ಲಿ ಕುಳಿತು ಝಾಡಿಸುತ್ತಿದ್ದಾಗ ಆ ದಪ್ ಎಂಬ ಸದ್ದು ಇನ್ನೂ ಕಿವಿಯಲ್ಲಿತ್ತು. ನನಗೆ ಅದು ಸರಿಯಾಗಿಯೇ ಕೇಳಿಸಿತ್ತು.

ಮೂರನೆಯ ದಿನ ಮಗ ಕಚೇರಿಗೆ ಬಂದ. ಕೈಯಲ್ಲಿ ಒಂದು ಕಾಗದ, ರೂಲು ಹಾಕಿದ ಹಾಳೆ, ದುಂಡನೆಯ ಅಕ್ಷರ. “ಅವ್ವ ಬಿಡವಲ್ಲಳ್ರಿ” ಎಂದು ನಾಚಿಕೊಂಡು ಕೊಟ್ಟ. “ಬಾಯಿಲೆ ಹೇಳಿದ್ದು ಗಾಳಿಗಿ ಹೋಗ್ತದ, ಬರದು ಕೊಡು, ಬರದದ್ದು ಉಳೀತದ ಅಂತಾಳ್ರಿ.” ಬೇವಿನ ಗಿಡದ ಕಡೆಯ ಮೂಲೆಯಲ್ಲಿ ಸಿಕ್ಕಿರುವುದು ಗಟ್ಟಿ ಕಲ್ಲಲ್ಲ, ಹಳೆಯ ಖಣಿಯಲ್ಲಿ ತುಂಬಿದ ಕಲ್ಲು ಎಂದು ಕಾಣುತ್ತದೆ, ಆದ್ದರಿಂದ ತಾವು ಮತ್ತೊಮ್ಮೆ ಬಂದು ಪರೀಕ್ಷಿಸಿ ಇನ್ನೂ ಆಳ ತೋಡಲು ಅಪ್ಪಣೆ ಕೊಡಬೇಕು, ಅಲ್ಲಿಯವರೆಗೆ ಆ ಮೂಲೆಯ ಕೆಲಸ ನಿಲ್ಲಿಸಿರುತ್ತೇನೆ ಎಂದು ಬರೆದಿದ್ದ. ಕರಾರಿನ ಯಾವ ಕಲಮಿನ ಪ್ರಕಾರ ಕೇಳುತ್ತಿದ್ದೇನೆ ಎನ್ನುವುದನ್ನೂ ಬರೆದಿದ್ದ. ಆ ಮಧ್ಯಾಹ್ನ ಬಾಕಿನ ಮೇಲೆ ಕುಳಿತು ಓದಿದ್ದು ವ್ಯರ್ಥವಾಗಿರಲಿಲ್ಲ.

ಇಲ್ಲಿ ನಮ್ಮ ಕಚೇರಿಯ ಒಂದು ಪದ್ಧತಿ ಹೇಳಬೇಕು. ಹೊರಗಿನಿಂದ ಬರುವ ಪ್ರತಿಯೊಂದು ಕಾಗದಕ್ಕೂ ಆವಕ ವಹಿಯಲ್ಲಿ ಒಂದು ನಂಬರ್ ಬೀಳಬೇಕು, ಮೇಲೆ ತಾರೀಖಿನ ಶಿಕ್ಕಾ ಹೊಡೆಯಬೇಕು. ನಂಬರ್ ಬಿದ್ದರೆ ಅದು ಸರ್ಕಾರದ ಕಾಗದ, ಉತ್ತರ ಕೊಡಲೇಬೇಕು. ನಂಬರ್ ಬೀಳುವ ತನಕ ಅದು ಬರೀ ಕಾಗದ. ತ್ರಾಸು ಕೊಡುವ ಕಾಗದ ಬಂದರೆ ನಾವು ಅದನ್ನು ಬೇಡ ಎನ್ನುವುದಿಲ್ಲ, ಮರ್ಯಾದೆಯಿಂದಲೇ ತೆಗೆದುಕೊಳ್ಳುತ್ತೇವೆ. ‘ಇಟ್ಟು ಹೋಗು’ ಎನ್ನುತ್ತೇವೆ. ಇಟ್ಟು ಹೋದ ಕಾಗದಕ್ಕೆ ನಂಬರ್ ಇಲ್ಲ, ಶಿಕ್ಕಾ ಇಲ್ಲ. ಎಷ್ಟೋ ಸಲ ಇದರಿಂದ ಗುತ್ತೇದಾರರಿಗೂ ಅನುಕೂಲವೇ ಆಗುತ್ತಿತ್ತು. ಅದಕ್ಕೇ ಇದು ತಪ್ಪು ಎಂದು ನಮಗ್ಯಾರಿಗೂ ಅನ್ನಿಸುತ್ತಿರಲಿಲ್ಲ.

ನಾನು ಕಾಗದ ಹಿಡಿದು ಸಾಹೇಬರ ಕೋಣೆಗೆ ಹೋದೆ. ಅವರು ಕನ್ನಡಕ ಏರಿಸಿ ಓದಿದರು.

“ಆಳ ತೋಡಿದ್ರ ಅಂದಾಜು ಪಟ್ಟಿ ಬದಲಾಗ್ತದ” ಎಂದರು. “ಅದು ಮ್ಯಾಲ ಹೋಗಬೇಕು, ಮಂಜೂರಾತಿ ಬರಬೇಕು. ಮಾರ್ಚ್ ಬಂತು ಮೇಡಂ. ಅನುದಾನ ವಾಪಸ್ ಹೋದ್ರ ಆ ಊರಿಗಿ ಅಂಗನವಾಡಿನೇ ಇಲ್ಲ. ನೀವೇ ನೋಡಿ ಬಂದೀರಲ್ಲ, ಕಲ್ಲು ಹತ್ತ್ಯಾದೋ ಇಲ್ಲೋ?”

“ಹತ್ತ್ಯಾದರಿ” ಎಂದೆ.

ಆ ಒಂದು ಮಾತು ಸಾಹೇಬರು ನನ್ನ ಬಾಯಿಂದ ಹೇಳಿಸಿದ್ದಲ್ಲ. ಅವರು ಕೇಳಿದ್ದು ಪ್ರಶ್ನೆ. ಮೂಲೆಯಲ್ಲಿ ಸದ್ದು ಬೇರೆ ಇದೆ ಎಂದು ಹೇಳಲು ನನಗೆ ಬಾಯಿ ಇತ್ತು. ಹೇಳಿದ್ದರೆ ಅವರು ಏನು ಮಾಡುತ್ತಿದ್ದರೋ ಈಗ ಗೊತ್ತಾಗುವಂತಿಲ್ಲ.

ಹೊರಗೆ ಬಂದಾಗ ಅವನು ನಿಂತೇ ಇದ್ದ. “ತಮ್ಮಾ, ಕಲ್ಲು ಹತ್ತ್ಯಾದ, ಕೆಲಸ ನಡಸು. ಕಾಗದ ಇಟ್ಟು ಹೋಗು” ಎಂದೆ.

“ಶಿಕ್ಕಾ ಬ್ಯಾಡೇನ್ರಿ?”

“ನಿನ್ನ ಛಲೋಕ್ಕ ಹೇಳಾಕತ್ತೀನಿ. ನಂಬರ್ ಬಿತ್ತಂದ್ರ ಕೆಲಸ ನಿಲ್ತದ. ಮೊದಲನೇ ಕೆಲಸ, ನಿಂದರಸಬ್ಯಾಡ.”

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ, “ನೀವು ಹೇಳಿದ ಮ್ಯಾಲ ಆಯ್ತು ಬಿಡ್ರಿ” ಎಂದು ಹೋದ. ಆ ಕಾಗದವನ್ನು ನಾನು ಬ್ಯಾಗಿನಲ್ಲಿ ಇಟ್ಟುಕೊಂಡೆ. ಹರಿದು ಹಾಕಲು ಕೈ ಬರಲಿಲ್ಲ, ಫೈಲಿಗೆ ಹಾಕಲು ಧೈರ್ಯ ಬರಲಿಲ್ಲ. ಸೇಡಂನ ಮನೆಗೆ ಬಂದು ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಮರುದಿನ ಅಳತೆ ಪುಸ್ತಕದಲ್ಲಿ ‘ನಾಲ್ಕೂ ಮೂಲೆಗಳಲ್ಲಿ ಗಟ್ಟಿ ಕಲ್ಲು ಸಿಕ್ಕಿದೆ’ ಎಂದು ನನ್ನ ಕೈಯಾರೆ ಬರೆದು ಸಹಿ ಹಾಕಿದೆ.

ಕಟ್ಟಡ ಚೆಂದ ಆಯಿತು. ಅವನು ಸಿಮೆಂಟಿನಲ್ಲಿ ಕಳ್ಳತನ ಮಾಡಲಿಲ್ಲ, ಕಬ್ಬಿಣದಲ್ಲಿ ಮಾಡಲಿಲ್ಲ. ನೆಲಕ್ಕೆ ಹಾಸಿದ ಫರಸಿಯನ್ನು ಅವನೇ ಆರಿಸಿ ತಂದ, ಒಂದರಲ್ಲೂ ಗೆರೆ ಇರಲಿಲ್ಲ. ಉದ್ಘಾಟನೆಯ ದಿನ ಗೋಡೆಯ ಫಲಕದಲ್ಲಿ ಯೋಜನೆಯ ಹೆಸರಿನ ಕೆಳಗೆ ‘ಗುತ್ತೇದಾರರು’ ಎಂದು ಅವನ ಹೆಸರಿತ್ತು. ಅವ್ವ ಅದನ್ನು ಅಂಗನವಾಡಿ ಟೀಚರ್ ಕಡೆಯಿಂದ ಎರಡು ಸಲ ಓದಿಸಿ ಕೇಳಿದಳು. ಆಮೇಲೆ ನನ್ನ ಹತ್ತಿರ ಬಂದು, “ನಿಮ್ಮ ಹೆಸರು ಎಲ್ಲದರಿ ಮೇಡಂ?” ಎಂದು ಕೇಳಿದಳು. ಇಂಜಿನಿಯರ ಹೆಸರು ಹಾಕುವುದಿಲ್ಲ ಎಂದೆ. ಅವಳಿಗೆ ಅದು ಅನ್ಯಾಯ ಅನ್ನಿಸಿತು. “ಪಾಪ, ನೀವೂ ಬಿಸಲಾಗ ನಿಂತೀರಲ್ರಿ” ಎಂದಳು.

ಮೊದಲ ಮಳೆಗಾಲ ಏನೂ ಆಗಲಿಲ್ಲ. ಎರಡನೆಯ ಮಳೆಗಾಲದಲ್ಲಿ ಟೀಚರ್ ಫೋನ್ ಮಾಡಿದಳು. “ಮೇಡಂ, ಬಾಗಲಾ ಹಾಕ್ಲಿಕ್ಕೆ ಬರವಲ್ದರಿ.” ಮಳೆಗೆ ಕಟ್ಟಿಗೆ ಉಬ್ಬಿರಬೇಕು ಎಂದೆ. “ಕಬ್ಬಿಣದ ಬಾಗಲಾ ಅದರಿ” ಎಂದಳು.

ಹೋಗಿ ನೋಡಿದೆ. ಬೇವಿನ ಗಿಡದ ಕಡೆಯ ಮೂಲೆ ಕುಳಿತಿತ್ತು. ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು, ಮಕ್ಕಳು ಅದರೊಳಗೆ ಬಳಪದ ಚೂರು ತುರುಕಿದ್ದರು. ಒಳಗೆ ಇಪ್ಪತ್ತು ಮಕ್ಕಳು ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದರು. ಅವತ್ತೇ ಖಾಲಿ ಮಾಡಿಸಿದೆ. ಟೀಚರ್ ತನ್ನ ಮನೆಯ ಪಡಸಾಲೆಯಲ್ಲಿ ಅಂಗನವಾಡಿ ನಡೆಸತೊಡಗಿದಳು. ಮುಂದಿನ ಅಮಾವಾಸ್ಯೆಯ ಒಳಗೆ ಆ ಮೂಲೆ ಒಂದು ಮೊಳ ಇಳಿಯಿತು, ಮಾಳಿಗೆಯ ಛತ್ತು ಸೀಳಿತು. ಯಾರಿಗೂ ಏನೂ ಆಗಲಿಲ್ಲ ಎನ್ನುವುದು ನಿಜ. ಅದರಲ್ಲಿ ನನ್ನ ಪುಣ್ಯ ಏನೂ ಇಲ್ಲ, ಕಬ್ಬಿಣದ ಬಾಗಿಲು ಮೊದಲು ಹೇಳಿತು ಅಷ್ಟೇ.

ಕೆಲಸ ಮುಗಿದ ಮೇಲೂ ಎರಡು ವರ್ಷ ಕಟ್ಟಡದ ದೋಷಕ್ಕೆ ಗುತ್ತೇದಾರನೇ ಹೊಣೆ ಎನ್ನುವುದು ಕರಾರಿನಲ್ಲಿದೆ. ಅವನಿಗೆ ನೋಟಿಸು ಹೋಯಿತು. ಅವನು ಉತ್ತರ ಬರೆದ: ನಾನು ಮೊದಲೇ ಲಿಖಿತವಾಗಿ ತಿಳಿಸಿದ್ದೆ, ಆಳ ತೋಡಲು ಅಪ್ಪಣೆ ಕೇಳಿದ್ದೆ. ನಮ್ಮ ಕಚೇರಿ ಅದಕ್ಕೆ ಉತ್ತರ ಬರೆಯಿತು: ಆವಕ ವಹಿ ಪರಿಶೀಲಿಸಲಾಗಿ ಅಂಥ ಯಾವ ಪತ್ರವೂ ಸ್ವೀಕೃತವಾಗಿರುವುದಿಲ್ಲ. ಆ ಉತ್ತರದ ಕರಡು ನನ್ನ ಮೇಜಿನ ಮೇಲಿಂದಲೇ ಹೋಯಿತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆ ನಾನೂ ಚಿಕ್ಕವಳಿದ್ದಾಗ ಕೇಳಿ ನಕ್ಕವಳೇ.

ವಿಚಾರಣೆ ಕಲಬುರಗಿಯಲ್ಲಿ ಆಯಿತು. ಉದ್ದ ಮೇಜು, ಆ ತುದಿಗೆ ವಿಚಾರಣಾಧಿಕಾರಿ, ಒಂದು ಕಡೆ ನಾನು, ಎದುರಿಗೆ ಅವನು. ಅವನು ಉದ್ಘಾಟನೆಯ ದಿನದ ಬಿಳಿ ಅಂಗಿಯನ್ನೇ ಹಾಕಿಕೊಂಡು ಬಂದಿದ್ದ.

“ಪತ್ರ ಯಾರ ಕೈಗೆ ಕೊಟ್ಟಿ?” ಎಂದು ಅಧಿಕಾರಿ ಕೇಳಿದರು.

“ಮೇಡಮರ ಕೈಗೆ ಕೊಟ್ಟೀನ್ರಿ.”

“ಆವಕ ನಂಬರ್?”

“ಹಾಕ್ಲಿಲ್ಲರಿ.”

“ಜೆರಾಕ್ಸ್ ಆದ್ರೂ ಇಟ್ಟೀಯೇನು?”

“ಇಲ್ರಿ. ಮೇಡಂ ತಗೊಂಡಾರಲ್ಲ ಅಂತ ಇಟ್ಕೊಳ್ಳಲಿಲ್ಲರಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ನನ್ನ ಕೈ ತಾನೇ ತೊಡೆಯ ಮೇಲಿನ ಬ್ಯಾಗಿನ ಜಿಪ್ಪಿಗೆ ಹೋಯಿತು. ಕಾಗದ ಅದರಲ್ಲಿ ಇರಲಿಲ್ಲ, ಸೇಡಂನಲ್ಲಿ ಸೀರೆಗಳ ಕೆಳಗಿತ್ತು. ಅಧಿಕಾರಿ ನನ್ನ ಕಡೆ ತಿರುಗಿ, ಇವನು ಹೇಳುವ ಪತ್ರ ಬಂದಿತ್ತೇ ಎಂದರು. ನಾನು ರಾತ್ರಿಯೆಲ್ಲ ಕುಳಿತು ಸಿದ್ಧ ಮಾಡಿಕೊಂಡ ವಾಕ್ಯ ಹೇಳಿದೆ: “ಕಚೇರಿಯ ಆವಕ ವಹಿಯಲ್ಲಿ ಅಂಥ ಪತ್ರ ದಾಖಲಾಗಿಲ್ಲ, ಸರ್.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ವಾಕ್ಯ ಅದು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವನು ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟು ಮಾಡಿಕೊಳ್ಳುತ್ತಾನೆ ಎಂದುಕೊಂಡೆ. ಅವನು ನನ್ನ ಬದಲು ತಾನೇ ನಾಚಿಕೊಂಡವನ ಹಾಗೆ ಕಣ್ಣು ಕೆಳಗೆ ಮಾಡಿದ. ಆ ಕ್ಷಣ ನನ್ನ ಮೇಲೆ ನನಗೆ ಹೇಸಿಗೆ ಬಂತು, ಆದರೂ ಬಾಯಿ ತೆರೆಯಲಿಲ್ಲ. ಕೆಲಸ ಹೋದರೆ ಎಂಬ ಹೆದರಿಕೆ ಒಂದು. ಹೆಣ್ಣುಮಗಳಿಗೆ ಪಾಯ ತಿಳಿಯಲಿಲ್ಲ ನೋಡು ಎನ್ನುತ್ತಾರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು.

ಅವನನ್ನು ಕಪ್ಪು ಪಟ್ಟಿಗೆ ಸೇರಿಸಿದರು, ‘ಮುಂದಿನ ಆದೇಶದವರೆಗೆ’. ನಮ್ಮಲ್ಲಿ ಮುಂದಿನ ಆದೇಶ ಎಂದರೆ ಬಾರದ ಆದೇಶ. ನಾನು ಬೇರೆ ತಾಲೂಕಿಗೆ ಬಡ್ತಿಯ ಮೇಲೆ ಹೊರಟೆ. ಹೊರಡುವ ವಾರ ಅವನ ಅವ್ವ ಕಚೇರಿಗೆ ಬಂದಳು. ಅಳಲಿಲ್ಲ, ಬಯ್ಯಲಿಲ್ಲ. ಮೇಜಿನ ಮುಂದೆ ನಿಂತು, “ಮೇಡಂ, ನನ್ನ ಮಗ ಬರದ ಕಾಗದ ಎಲ್ಲದರಿ?” ಎಂದು ಕೇಳಿದಳು. ಕುಂದ್ರಬೇ ಎಂದೆ, ಕೂರಲಿಲ್ಲ.

“ನೋಡ್ತೀನಿ” ಎಂದೆ.

“ನೋಡ್ರಿ. ಬರದದ್ದು ಎಲ್ಲಿ ಹೋಗ್ತದ, ಇಲ್ಲೇ ಇರ್ತದ” ಎಂದು ನನಗೇ ಸಮಾಧಾನ ಹೇಳಿ ಹೋದಳು. ಅವಳಿಗೆ ಓದು ಬರಹ ಬಾರದು. ಅವರ ಮನೆಯ ಗೋಡೆಯ ಮೇಲೆ ನೀಲಿ ಕೋಟಿನ ಫೋಟೊ ಇದೆ, ಆ ಫೋಟೊದವರ ಕೈಯಲ್ಲೊಂದು ಪುಸ್ತಕ ಇದೆ. ಬರೆದದ್ದರ ಮೇಲೆ ಅವಳಿಗಿದ್ದ ಭರವಸೆ ನನ್ನಂಥವರಿಗೆ ಬಾರದು, ಬರೆದದ್ದನ್ನು ನಾವು ಹೇಗೆ ಇಟ್ಟುಕೊಳ್ಳುತ್ತೇವೆ ಎಂದು ನಮಗೆ ಗೊತ್ತು.

ನಾಲ್ಕು ವರ್ಷ ಹೋದವು. ದಸರಾಕ್ಕೆ, ಮದುವೆಗಳಿಗೆ ಸೀರೆ ತೆಗೆಯುವಾಗಲೆಲ್ಲ ಕಾಗದ ಕೈಗೆ ಸಿಗುತ್ತಿತ್ತು. ಅದು ಒಂದು ಹಸಿರು ಸೀರೆಯ ಕೆಳಗಿತ್ತು, ಕೊನೆಗೆ ಆ ಸೀರೆಯನ್ನು ಉಡುವುದನ್ನೇ ಬಿಟ್ಟೆ.

ಹೋದ ವರ್ಷ ಶಹಾಬಾದದಲ್ಲಿ ಸಂಬಂಧಿಕರ ಮದುವೆ ಮುಗಿಸಿ ಮರುದಿನ ಮುಂಜಾನೆ ವಾಡಿಗೆ ಬಂದು ಸೇಡಂ ಕಡೆಯ ಪ್ಯಾಸೆಂಜರ್ ಹಿಡಿದೆ. ಗದ್ದಲವಿತ್ತು. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಎದ್ದು, “ಬರ್ರಿ ಮೇಡಂ, ಕುಂದ್ರಿ” ಎಂದ. ಅವನೇ. ತಲೆಯಲ್ಲಿ ಬಿಳಿ ಕೂದಲು ಬಂದಿದ್ದವು. ಕಾಲ ಹತ್ತಿರ ಚೀಲ, ಅದರೊಳಗಿಂದ ಗಾರೆ ಮೆತ್ತುವ ಥಾಪಿಯ ಹಿಡಿಕೆ ಕಾಣುತ್ತಿತ್ತು. ಬೇಡ ಎಂದೆ, ಕೇಳಲಿಲ್ಲ. ಕುಳಿತೆ.

“ಈಗೇನು ಮಾಡಾಕತ್ತೀರಿ?” ಎಂದೆ. ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

“ಗೌಂಡಿ ಕೆಲಸರಿ. ಮಳಖೇಡದಾಗ ಒಂದು ಮನಿಗಿ ಫರಸಿ ಹಾಸಾಕತ್ತೀನಿ.” ಅವನ ಓದು, ಅವನ ಗುತ್ತೇದಾರಿಕೆಯ ನೋಂದಣಿ, ಯಾವುದನ್ನೂ ಅವನು ಎತ್ತಲಿಲ್ಲ. ಚಿತ್ತಾಪುರ ದಾಟಿದ ಮೇಲೆ ನಾನೇ ಅವ್ವ ಹೇಗಿದ್ದಾಳೆ ಎಂದು ಕೇಳಿದೆ.

“ಅದಾಳ್ರಿ. ಕಣ್ಣು ಸ್ವಲ್ಪ ಮಂದ ಆಗ್ಯಾವ. ಇನ್ನಾ ಕೇಳ್ತಾಳ್ರಿ, ಕಾಗದ ಸಿಕ್ಕಿತೇನಂತ.” ಅವನು ಕಿಟಕಿಯ ಹೊರಗೆ ನೋಡಿದ. “ಮೇಡಂ ಹುಡುಕ್ಲಿಕತ್ತಾರ ಅಂತ ಹೇಳೀನ್ರಿ.”

ಅವನು ಮಳಖೇಡದಲ್ಲಿ ಇಳಿಯುವಾಗ “ಬರ್ತೀನ್ರಿ ಮೇಡಂ” ಎಂದ. ನಾಲ್ಕು ವರ್ಷದಿಂದ ಅವನು ತನ್ನ ಅವ್ವನ ಮುಂದೆ ನನ್ನನ್ನು ಒಳ್ಳೆಯವಳನ್ನಾಗಿ ಇಟ್ಟಿದ್ದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ, ಸೇಡಂ ಬರುವವರೆಗೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಕುಳಿತೆ. ಎದುರಿನ ಹೆಂಗಸು, ಇವಳು ಮಗಳನ್ನು ಗಂಡನ ಮನೆಗೆ ಕಳಿಸಿ ಬಂದಿರಬೇಕು ಎಂದುಕೊಂಡು ನನಗೆ ನೀರಿನ ಬಾಟಲಿ ಕೊಟ್ಟಳು.

ಆ ವಾರವೇ ರಜೆ ಹಾಕಿ ಹಳೆಯ ಕಚೇರಿಗೆ ಹೋದೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದವು. ಕಾಗದದ ಜೊತೆಗೆ ನನ್ನದೊಂದು ಅರ್ಜಿ ಬರೆದಿದ್ದೆ: ಈ ಪತ್ರವನ್ನು ಗುತ್ತೇದಾರರು ನನ್ನ ಕೈಗೆ ಕೊಟ್ಟಿದ್ದರು, ನಾನು ಆವಕಕ್ಕೆ ಕೊಡದೆ ನನ್ನ ಮನೆಯಲ್ಲಿ ಇಟ್ಟುಕೊಂಡೆ, ಅಳತೆ ಪುಸ್ತಕದಲ್ಲಿ ನಾಲ್ಕನೆಯ ಮೂಲೆಯ ಬಗ್ಗೆ ತಪ್ಪಾಗಿ ಬರೆದೆ, ವಿಚಾರಣೆಯಲ್ಲಿ ಇದನ್ನು ಮುಚ್ಚಿಟ್ಟೆ. ಅವರ ಮೇಲಿನ ಆದೇಶ ರದ್ದಾಗಬೇಕು.

ಆವಕದ ಗುಮಾಸ್ತ ಹೊಸಬ, ಆದರೆ ನನ್ನ ಪರಿಚಯ ಇತ್ತು. ಓದಿದ. ಮತ್ತೊಮ್ಮೆ ಓದಿದ. ಸುತ್ತ ನೋಡಿ ದನಿ ಇಳಿಸಿದ.

“ಮೇಡಂ, ಇದು ಇಟ್ಟು ಹೋಗ್ರಿ. ಸಾಹೇಬ್ರಿಗಿ ಕೇಳಿ ನೋಡ್ತೀನಿ.”

ನನಗೆ ನಗು ಬಂತು. ಕೆಟ್ಟ ನಗು ಅದು. “ಶಿಕ್ಕಾ ಹೊಡೀರಿ” ಎಂದೆ.

“ನಿಮ್ಮ ಛಲೋಕ್ಕ ಹೇಳಾಕತ್ತೀನ್ರಿ. ಇದಕ್ಕ ನಂಬರ್ ಬಿತ್ತಂದ್ರ ನಿಮ್ಮ ಪಿಂಚಣಿ ನಿಲ್ತದ.”

ಅವನು ಮೋಸಗಾರ ಅಲ್ಲ, ಒಳ್ಳೆಯ ಮನುಷ್ಯ. ನಿಜವಾಗಿಯೂ ನನ್ನ ಸಲುವಾಗಿ ಹೇಳುತ್ತಿದ್ದ. ನಾನೂ ಅವತ್ತು ಹಾಗೆಯೇ, ಇದೇ ದನಿಯಲ್ಲಿ ಹೇಳಿದ್ದೆ. ನಾನು ಹೋಗಿ ಗುತ್ತೇದಾರರ ಬಾಕಿನ ಮೇಲೆ ಕುಳಿತೆ. ಶಿಕ್ಕಾ ಬೀಳುವ ತನಕ ಏಳುವುದಿಲ್ಲ ಎಂದೆ. ಅಷ್ಟು ವರ್ಷ ಆ ಕಚೇರಿಯಲ್ಲಿ ದುಡಿದರೂ ಆ ಬಾಕಿನ ಮೇಲೆ ಒಮ್ಮೆಯೂ ಕುಳಿತಿರಲಿಲ್ಲ. ಒಂದು ಕಾಲು ಗಿಡ್ಡ, ಅಲುಗಾಡಿದರೆ ಬೀಳುವ ಹಾಗಾಗುತ್ತದೆ. ಅವನು ಊಟಕ್ಕೆ ಹೋಗಿ ಬಂದ. ಚಹಾ ಕುಡಿದು ಬಂದ. ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. ಮೂರು ಗಂಟೆಯ ಮೇಲೆ ಏನೂ ಮಾತಾಡದೆ ವಹಿ ತೆರೆದು ನಂಬರ್ ಬರೆದ, ಶಿಕ್ಕಾ ಹೊಡೆದ, ನಾನು ತಂದಿದ್ದ ಜೆರಾಕ್ಸಿನ ಮೇಲೂ ಹೊಡೆದು ನನ್ನ ಕೈಗೆ ಕೊಟ್ಟ.

ಆಮೇಲೆ ಆದದ್ದು ಆಗಲೇಬೇಕಾದದ್ದೇ. ನನ್ನ ಮೇಲೆ ಇಲಾಖಾ ವಿಚಾರಣೆ ಬಂತು, ಪಿಂಚಣಿ ತಡೆ ಹಿಡಿದರು, ಇಷ್ಟು ವರ್ಷ ಮುಚ್ಚಿಟ್ಟವಳು ಈಗ್ಯಾಕೆ ತೆಗೆದಳು ಎಂದು ಹಳೆಯ ಸಾಹೇಬರು ಫೋನಿನಲ್ಲಿ ಒಂದು ತಾಸು ಬೈದರು. ಅವನ ಮೇಲಿನ ಆದೇಶ ರದ್ದಾಗಿದೆಯೇ ಎಂದರೆ, ಇಲ್ಲ. ಕಡತ ಮೇಲೆ ಹೋಗಿದೆ. ಮುಂದಿನ ಆದೇಶಕ್ಕೆ ಕಾಯುತ್ತಿದ್ದೇವೆ, ಅವನೂ, ನಾನೂ.

ಆದರೆ ನನ್ನ ನಿದ್ದೆ ಕೆಡಿಸುವುದು ಇದು ಯಾವುದೂ ಅಲ್ಲ. ಶಿಕ್ಕಾ ಬಿದ್ದ ಆ ಸಾಯಂಕಾಲ ನಾನು ನೆಟ್ಟಗೆ ಅವರ ಊರಿಗೆ ಹೋದೆ. ದಾರಿಯಲ್ಲಿ ಆ ಅಂಗನವಾಡಿ ಸಿಕ್ಕಿತು. ಛತ್ತು ಒಳಗೆ ಬಿದ್ದಿತ್ತು, ಮುಂದಿನ ಗೋಡೆ ಮಾತ್ರ ನಿಂತಿತ್ತು. ಅದರ ಮೇಲಿನ ಫಲಕದಲ್ಲಿ ಅವನ ಹೆಸರು ಇನ್ನೂ ಓದಲು ಬರುತ್ತಿತ್ತು.

ಅವನು ಕೆಲಸದಿಂದ ಬಂದಿರಲಿಲ್ಲ. ಅವ್ವ ಹೊಸ್ತಿಲ ಹತ್ತಿರ ಕುಳಿತು ಜೋಳ ಹಸನು ಮಾಡುತ್ತಿದ್ದಳು. ದನಿಯಿಂದ ಗುರುತು ಹಿಡಿದಳು. “ಬರ್ರಿ ಮೇಡಂ, ಒಳಗ ಬರ್ರಿ” ಎಂದು ಎದ್ದು ಚಾಪೆ ಹಾಸಲು ಹೋದಳು. ನಾನು ಅವಳ ಕೈ ಹಿಡಿದು ಕೂರಿಸಿ, ಜೆರಾಕ್ಸ್ ಪ್ರತಿಯನ್ನು ಕೈಯಲ್ಲಿ ಇಟ್ಟೆ.

“ಕಾಗದ ಸಿಕ್ಕ್ಯಾದಬೇ.”

ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದಳು. ನೀಲಿ ಶಿಕ್ಕಾ ಎಲ್ಲಿದೆ ಎಂದು ಕೇಳಿ, ನಾನು ತೋರಿಸಿದಲ್ಲಿ ಬೆರಳಿಟ್ಟಳು. ಮುಖ ಅರಳಿತು. “ನಾ ಹೇಳಿದ್ದಿಲ್ಲೇನ್ರಿ, ಬರದದ್ದು ಎಲ್ಲಿ ಹೋಗ್ತದ ಅಂತ. ನಿಮಗ ಭಾಳ ತ್ರಾಸ್ ಆತು ಹುಡುಕ್ಲಿಕ್ಕ” ಎಂದಳು. ಕಾಗದವನ್ನು ತೊಡೆಯ ಮೇಲೆ ಬಿಡಿಸಿ ಅಂಗೈಯಿಂದ ಸವರಿದಳು. ಆಮೇಲೆ ಕೇಳಿದಳು.

“ಇಷ್ಟು ವರ್ಷ ಎಲ್ಲಿತ್ತರಿ ಮೇಡಂ?”

ನನ್ನ ಹತ್ತಿರ ಅಂಥ ಪ್ರಶ್ನೆಗೆ ಹೇಳುವ ವಾಕ್ಯಗಳು ಬೇಕಾದಷ್ಟಿದ್ದವು. ಹಳೆಯ ಕಡತದಲ್ಲಿ ಸಿಕ್ಕಿತು ಎಂದಿದ್ದರೆ ಅವಳು ನಂಬುತ್ತಿದ್ದಳು.

“ನಮ್ಮ ಮನ್ಯಾಗಿತ್ತಬೇ” ಎಂದೆ. “ನನ್ನ ಸೀರಿ ಕೆಳಗ.”

ಅವಳ ಕೈ ಕಾಗದದ ಮೇಲೆ ನಿಂತಿತು. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು, ಮೊರ ಎಳೆದುಕೊಂಡು ಮತ್ತೆ ಜೋಳ ಹಸನು ಮಾಡತೊಡಗಿದಳು. ಚಾಪೆ ಹಾಸಲು ಏಳಲಿಲ್ಲ. ನಾನು ಹೊಸ್ತಿಲ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.